ಅಂಜದ ಮಕ್ಕಳು

ಮಳೆಯ ಸದ್ದು ಕೇಳಿಯೂ ಮಗಳು ಕಿರುಚದೆ ನಿದ್ದೆ ಹೋದ ಮರುದಿನ ನೀಲಾಂಬಿಕಾ ತನ್ನ ಸಾಲಿನ ಮನೆಗಳಿಗೆಲ್ಲ ಸಕ್ಕರೆ ಹಂಚಿದಳು. ಕೆಲವರು ಏನೋ ಹರಕೆ ತೀರಿರಬೇಕು ಎಂದುಕೊಂಡರು. ಪಕ್ಕದ ಮನೆಯ ಮೆಹಬೂಬಿ ಮಾತ್ರ ಏನೂ ಕೇಳದೆ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ನಿನ್ನ ಮನಿಯಾಗೂ ನಿದ್ದಿ ಬಂತು ಬಿಡು ನೀಲಕ್ಕಾ" ಎಂದಳು.

ಅವರ ಹಳೆಯ ಊರು ತೊರೆನಾಳ. ಹಿಂದಿನ ಶ್ರಾವಣದಲ್ಲಿ ಪಶ್ಚಿಮದ ಗುಡ್ಡಗಳ ಮೇಲೆ ಯಾರೂ ಕಂಡರಿಯದಂಥ ಮಳೆ ಸುರಿದು, ಹೊಳೆ ಒಂದೇ ಹಗಲಿನಲ್ಲಿ ಆ ಊರನ್ನು ನುಂಗಿತ್ತು. ನೀಲಾಂಬಿಕಾಳ ಗಂಡ ಮುರಿಗೆಪ್ಪ ನೇಕಾರ. ಹೆಂಡತಿಯನ್ನೂ ಮಗಳನ್ನೂ ಶಾಲೆಯ ಮಾಳಿಗೆಗೆ ಹತ್ತಿಸಿದವನು, ಹಾಸಿಗೆ ಹಿಡಿದಿದ್ದ ತಾಯಿಯನ್ನು ಹೊತ್ತು ತರಲು ತಿರುಗಿ ಹೋದ. ಎದೆಮಟ್ಟದ ನೀರಿನಲ್ಲಿ ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಶಾಲೆಯ ಗೇಟಿನವರೆಗೂ ಬಂದಿದ್ದ. ಅಷ್ಟರಲ್ಲಿ ಕಾಂಪೌಂಡ್ ಗೋಡೆ ಕುಸಿಯಿತು. ಮಾಳಿಗೆಯ ಅಂಚಿನಲ್ಲಿ ನಿಂತು "ಅಪ್ಪಾ, ಇಲ್ಲೇ ಅದೀವಿ" ಎಂದು ಕೂಗುತ್ತಿದ್ದ ದಾನೇಶ್ವರಿಯ ಕಣ್ಣೆದುರಿಗೇ ಇಬ್ಬರೂ ಕೆಂಪು ನೀರಿನೊಳಗೆ ಹೋದರು. ಮುದುಕಿಯ ದೇಹ ಸಿಕ್ಕಿತು. ಮುರಿಗೆಪ್ಪನದು ಸಿಗಲಿಲ್ಲ. ಆಗ ಹುಡುಗಿಗೆ ಏಳು ವರ್ಷ.

ಉಳಿದವರಿಗೆ ಹೊಳೆಯಿಂದ ಮೇಲೆ, ದಿಬ್ಬದ ಮೇಲೆ, ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಸರ್ಕಾರದವರು ಅದಕ್ಕೆ ಏನೋ ಹೆಸರಿಟ್ಟರು. ಜನ ಮಾತ್ರ ಪ್ಲಾಟು ಎಂದೇ ಕರೆದರು. ಒಂದೇ ಅಳತೆಯ ಮನೆಗಳು, ಒಂದೇ ಬಣ್ಣದ ಬಾಗಿಲುಗಳು. ಗಾಳಿ ಬೀಸಿದರೆ ತಗಡಿನ ಮಾಡು ಗಡಗಡ ಅನ್ನುತ್ತಿತ್ತು. ಆ ಸದ್ದಿಗೇ ಮಕ್ಕಳು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದರು.

ದಾನೇಶ್ವರಿಯ ಅಂಜಿಕೆಗೆ ಕೊನೆಯೇ ಇರಲಿಲ್ಲ. ಕೊಡಕ್ಕೆ ನೀರು ಬೀಳುವ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಸ್ನಾನ ಎಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಅಷ್ಟೇ. ತಾಯಿಯ ಸೀರೆ ಬಿಟ್ಟು ಒಂದು ಕ್ಷಣವೂ ಇರುತ್ತಿರಲಿಲ್ಲ. ನೀಲಾಂಬಿಕಾ ಹೊಲಿಗೆ ಕೇಂದ್ರಕ್ಕೆ ಹೋದರೆ ಯಂತ್ರದ ಕೆಳಗೆ, ಅವಳ ಪಾದ ಹಿಡಿದುಕೊಂಡು ಕೂರುತ್ತಿದ್ದಳು. ಬಚ್ಚಲಿಗೆ ಹೋದರೂ ಬಾಗಿಲಾಚೆ ನಿಂತು "ಅವ್ವಾ, ಅದೀಯೇನು? ಅವ್ವಾ, ಅದೀಯೇನು?" ಎಂದು ಕೇಳುತ್ತಲೇ ಇರುತ್ತಿದ್ದಳು. "ಅದೀನವಾ, ಎಲ್ಲಿಗೂ ಹೋಗಿಲ್ಲ" ಎಂದು ಒಳಗಿನಿಂದ ಉತ್ತರಿಸಿ ಉತ್ತರಿಸಿ ನೀಲಾಂಬಿಕಾ ದಣಿದುಹೋಗಿದ್ದಳು. ಗಂಡನಿಗಾಗಿ ಒಂದಿಷ್ಟು ಅಳೋಣವೆಂದರೂ ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ.

ಡಾಕ್ಟರ್ ಇನಾಮದಾರ್ ಪ್ಲಾಟಿಗೆ ಬಂದದ್ದು ಆ ದಿನಗಳಲ್ಲಿ. ಐವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ನಗರದ ಒಂದು ಮಿದುಳು ಸಂಶೋಧನಾ ಸಂಸ್ಥೆಯವರು. ಸಮುದಾಯ ಭವನದಲ್ಲಿ ತಂದೆತಾಯಿಗಳನ್ನೆಲ್ಲ ಕೂರಿಸಿ, ಕೈಯಲ್ಲೊಂದು ಬೂದು ಟೊಪ್ಪಿಗೆ ಹಿಡಿದು, ಧಾರವಾಡದ ಕಡೆಯ ತಮ್ಮ ಮಾತಿನಲ್ಲೇ ವಿವರಿಸಿದರು.

"ನೆನಪು ಅನ್ನೋದು ಹಸಿ ಮಣ್ಣಿನಂಗ. ಒಂದು ಸಲ ಒಣಗಿದ ಮ್ಯಾಲೆ ಗಟ್ಟಿ. ಆದ್ರ ಅದನ್ನ ನೆನಪು ಮಾಡಿಕೊಂಡಾಗೆಲ್ಲಾ ಮತ್ತ ಸ್ವಲ್ಪ ಹೊತ್ತು ಹಸಿ ಆಗ್ತದ. ಆ ಹೊತ್ತಿನ್ಯಾಗ ಅದರ ಆಕಾರ ತಿದ್ದಬಹುದು. ಮಿದುಳಿನ ಆಳದಾಗ ಬದಾಮಿ ಬೀಜದಂಥಾ ಒಂದು ಗಂಟು ಅದ. ಅಂಜಿಕಿ ಹುಟ್ಟೋದು ಅಲ್ಲಿ. ನಾವು ಹುಡುಗರಿಗೆ ಹೊಳಿ ಸಪ್ಪಳ ಸಣ್ಣಗೆ ಕೇಳಿಸ್ತೇವಿ. ನೆನಪು ಹಸಿ ಆಗ್ತದ. ಆಗ ಈ ಟೊಪಿಗಿ ಆ ಗಂಟನ್ನ ಶಾಂತ ಮಾಡ್ತದ."

"ನೆನಪೇ ಹೊಕ್ಕೈತೇನ್ರಿ?" ಎಂದು ಮೆಹಬೂಬಿ ಕೇಳಿದಳು. ಅವಳ ಇಬ್ಬರು ಹೆಣ್ಣುಮಕ್ಕಳು ಹೊಳೆಯ ಪಾಲಾಗಿದ್ದರು. ಉಳಿದವನು ಎಂಟು ವರ್ಷದ ಅಲ್ತಾಫ್ ಒಬ್ಬನೇ.

"ಇಲ್ಲವಾ. ನೆನಪು ಇರ್ತದ. ಅದರಾಗಿನ ಮುಳ್ಳು ಹೋಗ್ತದ."

ಆ ಮಾತು ಕೇಳಿ ನೀಲಾಂಬಿಕಾಳ ಪಕ್ಕದಲ್ಲಿದ್ದ ಒಬ್ಬಾಕೆ ಅತ್ತೇಬಿಟ್ಟಳು. ಯಾರೂ ಬೇಡವೆನ್ನಲಿಲ್ಲ.

ಭವನದ ಹಿಂದಿನ ಕೋಣೆಯೇ ಚಿಕಿತ್ಸೆಯ ಕೋಣೆಯಾಯಿತು. ಗೋಡೆಗೆ ದಪ್ಪ ಬಟ್ಟೆ ಹೊದಿಸಿ, ನೆಲದ ಮೇಲೆ ಆಳೆತ್ತರದ ಮರದ ಸ್ಪೀಕರ್ ಡಬ್ಬಿಗಳನ್ನು ಇಟ್ಟಿದ್ದರು. ಹೊಳೆಯ ಸೇತುವೆಯ ಕೆಳಗೆ ನೀರಿನ ಮಟ್ಟ ಅಳೆಯುವ ಉಪಕರಣವೊಂದು ಇತ್ತು. ಪ್ರವಾಹದ ದಿನ ಅದು ಕೊಚ್ಚಿಹೋಗುವವರೆಗೆ ಹಿಡಿದು ಕಚೇರಿಗೆ ಕಳಿಸಿದ್ದ ಸದ್ದೇ ಈ ಡಬ್ಬಿಗಳಿಂದ ಹೊರಡುತ್ತಿತ್ತು. ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಅದು ಎದೆಗೂಡಿಗೆ ತಾಗುತ್ತಿತ್ತು. ಅದರ ಬಹುಪಾಲು ಮನುಷ್ಯರ ಕಿವಿಗೆ ನಿಲುಕದಷ್ಟು ಕೆಳಗಿನ ಶ್ರುತಿಯದು ಎಂದು ಇನಾಮದಾರ್ ಹೇಳಿದ್ದರು. ಮಕ್ಕಳು ಬೂದು ಬಣ್ಣದ ಟೊಪ್ಪಿಗೆ ಹಾಕಿಕೊಂಡು ಚಾಪೆಯ ಮೇಲೆ ಮಲಗುತ್ತಿದ್ದರು. ಮೊದಮೊದಲು ಒದ್ದಾಡುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು. ಕೆಲವೇ ವಾರಗಳಲ್ಲಿ ಟೊಪ್ಪಿಗೆ ಕಂಡರೆ ತಾವೇ ಓಡಿ ಬರತೊಡಗಿದರು.

ಮಳೆಯ ಸದ್ದಿಗೆ ದಾನೇಶ್ವರಿ ಕಿರುಚದೆ ಮಲಗಿದಳು. ಕೊಡಪಾನದ ನೀರನ್ನು ತಾನೇ ಸುರಿದುಕೊಂಡು ಸ್ನಾನ ಮಾಡಿದಳು. ತಾಯಿಯ ಸೀರೆ ಬಿಟ್ಟು ಶಾಲೆಗೆ ಹೋದಳು. ನೀಲಾಂಬಿಕಾ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಮುರಿಗೆಪ್ಪನ ಹೆಸರು ಹೇಳಿ ಅತ್ತಳು. ಹೊರಗಿನಿಂದ ಯಾರೂ ಕರೆಯಲಿಲ್ಲ.

ಮೊದಲಿಗೆ ಅದು ಸುಖವಾಗಿಯೇ ಇತ್ತು.

ಒಂದು ಮಧ್ಯಾಹ್ನ ದಾನೇಶ್ವರಿ ಶಾಲೆಯಿಂದ ಬಂದಾಗ ಅವಳ ಮೊಣಕಾಲಿನಿಂದ ರಕ್ತ ಇಳಿದು ಚಪ್ಪಲಿಯವರೆಗೆ ಹರಿದಿತ್ತು. ಹುಡುಗಿ ಚೀಲ ಇಟ್ಟು, ರೊಟ್ಟಿ ಹಾಕಿಕೊಂಡು ಉಣ್ಣಲು ಕುಳಿತಳು.

"ಅಯ್ಯ, ಏನಾತವಾ ಇದು? ಎಲ್ಲಿ ಬಿದ್ದಿ?"

"ಕಲ್ಲಿಗೆ ಬಡೀತು."

"ನೋವಾಗಲಿಲ್ಲೇನು?"

"ಆತು" ಎಂದಳು ಹುಡುಗಿ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ.

"ಮತ್ತ ಯಾಕ ನನ್ನ ಕೂಗಲಿಲ್ಲ?"

ದಾನೇಶ್ವರಿ ತಾಯಿಯನ್ನು ನೋಡಿದಳು. ಉತ್ತರ ಗೊತ್ತಿಲ್ಲದ ಲೆಕ್ಕ ಕೇಳಿದಾಗ ನೋಡುವಂತೆ ನೋಡಿದಳು. "ಯಾಕ ಕೂಗಬೇಕು?" ಎಂದಳು.

ಆ ಮಾತು ನೀಲಾಂಬಿಕಾಳ ಒಳಗೇ ಉಳಿದುಬಿಟ್ಟಿತು. ಇನ್ನೊಂದು ದಿನ, ಮಾಡಬಾರದಿತ್ತು ಅನ್ನಿಸಿದರೂ, ಅವಳು ಒಂದು ಕೆಲಸ ಮಾಡಿದಳು. ಮಗಳು ಬರುವ ಹೊತ್ತಿಗೆ ಮನೆಯ ಬಾಗಿಲು ತೆರೆದಿಟ್ಟು, ಒಲೆಯ ಮೇಲೆ ಚಹಾ ಇಟ್ಟು, ಎದುರಿನ ಖಾಲಿ ಮನೆಯ ಕಿಟಕಿಯ ಹಿಂದೆ ನಿಂತಳು. ದಾನೇಶ್ವರಿ ಬಂದಳು. ಕುದಿದು ಉಕ್ಕುತ್ತಿದ್ದ ಚಹಾ ನೋಡಿ ಒಲೆ ಆರಿಸಿದಳು. ಒಳಗೆ ಹೊರಗೆ ಯಾರೂ ಇಲ್ಲ. ಹುಡುಗಿ ಹೊಸ್ತಿಲಲ್ಲಿ ಕುಳಿತು ಹರಳುಗಳನ್ನು ಎಸೆದು ಹಿಡಿದು ಆಡಿದಳು. ಬಿಸಿಲು ಇಳಿಯಿತು. ಒಮ್ಮೆಯೂ ಓಣಿಯ ಕಡೆ ತಲೆಯೆತ್ತಲಿಲ್ಲ, ಒಮ್ಮೆಯೂ ಅವ್ವಾ ಅನ್ನಲಿಲ್ಲ. ಕೊನೆಗೆ ನೀಲಾಂಬಿಕಾಳೇ ಸೋತು ಹೊರಗೆ ಬಂದಳು. ಮಗಳು ಅವಳನ್ನು ನೋಡಿ ಸಣ್ಣಗೆ ನಕ್ಕು ಹರಳುಗಳನ್ನು ಮತ್ತೆ ಮೇಲಕ್ಕೆ ಎಸೆದಳು.

ಆಗಲೇ ನೀಲಾಂಬಿಕಾ ಆ ಗುನುಗನ್ನು ಕೇಳಿದ್ದು. ದಾನೇಶ್ವರಿ ತುಟಿ ಮುಚ್ಚಿಕೊಂಡು, ಗಂಟಲಿನ ಆಳದಿಂದ ಏನನ್ನೋ ಗುನುಗುತ್ತಿದ್ದಳು. ಹಾಡಲ್ಲ, ರಾಗವೂ ಇಲ್ಲ. ಒಂದೇ ಸಮನೆ, ತಗ್ಗು ದನಿಯಲ್ಲಿ, ಉಸಿರು ತೀರುವವರೆಗೂ. ಪಕ್ಕದ ಮನೆಯ ಅಂಗಳದಲ್ಲಿ ಗಾಲಿ ಉರುಳಿಸುತ್ತಿದ್ದ ಅಲ್ತಾಫನ ಬಾಯಿಂದಲೂ ಅದೇ ದನಿ ಹೊರಡುತ್ತಿತ್ತು. ಓಣಿಯ ತುದಿಯಲ್ಲಿ ನೀರಿನ ಟಾಕಿಗೆ ಕಿವಿ ಹಚ್ಚಿ ನಿಂತಿದ್ದ ಮೂರ್ನಾಲ್ಕು ಹುಡುಗರದೂ ಅದೇ. ಎಲ್ಲರ ದನಿಯೂ ಒಂದರೊಳಗೊಂದು ಬೆರೆತು, ಎಲ್ಲಿಂದ ಬರುತ್ತಿದೆಯೆಂದು ತಿಳಿಯದಂತೆ ಪ್ಲಾಟಿನ ತುಂಬ ಹರಡಿತ್ತು.

ಅದು ಯಾವ ಸದ್ದೆಂದು ನೀಲಾಂಬಿಕಾಳಿಗೆ ಗೊತ್ತಿತ್ತು. ಶಾಲೆಯ ಮಾಳಿಗೆಯ ಮೇಲೆ ಒಂದು ಹಗಲೆಲ್ಲ ಅವಳು ಅದನ್ನು ಕೇಳಿದ್ದಳು.

ಇನಾಮದಾರ್ ಅದೇ ಭವನದ ಮೇಲಂತಸ್ತಿನಲ್ಲಿ ಕೂರುತ್ತಿದ್ದರು. ಚಿಕಿತ್ಸೆ ಪಡೆದ ನಲವತ್ತರಷ್ಟು ಮಕ್ಕಳ ಮಣಿಕಟ್ಟಿಗೂ ಒಂದೊಂದು ರಬ್ಬರಿನ ಪಟ್ಟಿ ಕಟ್ಟಿದ್ದರು. ಎದೆಬಡಿತ, ಚರ್ಮದ ಬೆವರು, ನಿದ್ದೆ, ಎಲ್ಲವೂ ಅದರಿಂದ ಅವರ ಪರದೆಗೆ ಬರುತ್ತಿತ್ತು. ಮೊದಲ ತಿಂಗಳು ಮುಳ್ಳುಬೇಲಿಯಂತಿದ್ದ ಗೆರೆಗಳು ಈಗ ಕೆರೆಯ ನೀರಿನಂತೆ ನಯವಾಗಿದ್ದವು. ಅದನ್ನು ನೋಡಿ ಅವರಿಗೆ ಹೆಮ್ಮೆಯೆನಿಸುತ್ತಿತ್ತು.

ಜ್ಯೇಷ್ಠ ಮುಗಿಯುವ ಹೊತ್ತಿಗೆ ಒಂದು ದಿನ ಅವರ ಸಹಾಯಕಿ ಸುಮೇಧಾ ಅವರನ್ನು ಪರದೆಯ ಮುಂದೆ ಕರೆದಳು. ಆ ದಿನ ಯಾರಿಗೂ ಚಿಕಿತ್ಸೆ ಇರಲಿಲ್ಲ. ಆದರೂ ಎಲ್ಲ ಮಕ್ಕಳ ಗೆರೆಗಳೂ ಒಟ್ಟಿಗೆ ಮೆಲ್ಲಗೆ ಮೇಲೇರಿ, ಒಟ್ಟಿಗೆ ಇಳಿಯುತ್ತಿದ್ದವು. ಶಾಲೆಯಲ್ಲಿದ್ದ ಮಕ್ಕಳದೂ, ಜ್ವರ ಬಂದು ಮನೆಯಲ್ಲಿ ಮಲಗಿದ್ದ ಮಗುವಿನದೂ, ಅಜ್ಜಿಯ ಊರಿಗೆ ಹೋಗಿದ್ದ ಹುಡುಗನದೂ ಒಂದೇ.

"ಪಟ್ಟಿ ಕೆಟ್ಟಿರಬೇಕು ಸರ್" ಎಂದಳು ಸುಮೇಧಾ.

"ಎಲ್ಲಾ ಒಮ್ಮೆಲೇ ಕೆಡ್ತಾವೇನು?"

ಸಂಜೆಯ ಹೊತ್ತಿಗೆ ಕಾರಣ ಸಿಕ್ಕಿತು. ಮೇಲಿನ ಕಣಿವೆಯಲ್ಲಿ ಒಂದು ದೊಡ್ಡ ಮಳೆಯಾಗಿ ಹೊಳೆ ಕೆಲ ಹೊತ್ತು ಏರಿತ್ತು. ಅಲ್ಲಿ ನೀರು ಬಂಡೆಗಳ ಮೇಲೆ ಬಿದ್ದಾಗ ಹುಟ್ಟಿದ ತಗ್ಗು ಶ್ರುತಿಯ ಸದ್ದು, ಗಾಳಿಯಲ್ಲೂ ನೆಲದಲ್ಲೂ ಬಲುದೂರ ಸಾಗಿ ಬಂದಿತ್ತು. ದೊಡ್ಡವರಿಗೆ ಅದು ತಿಳಿಯಲಿಲ್ಲ. ಮಕ್ಕಳ ಮೈಗೆ ತಿಳಿದಿತ್ತು. ತಿಂಗಳುಗಟ್ಟಲೆ ಆ ಡಬ್ಬಿಗಳ ಮುಂದೆ ಮಲಗಿ ಅವರ ಮಿದುಳು ಆ ಸದ್ದನ್ನು ಹೆಕ್ಕಿ ತೆಗೆಯುವುದನ್ನು ಕಲಿತುಬಿಟ್ಟಿತ್ತು.

ಒಂದು ಗಳಿಗೆ ಇನಾಮದಾರ್ ಹಿಗ್ಗಿದರು. ಸೈರನ್ನಿಗಿಂತ ಮೊದಲೇ ಪ್ರವಾಹವನ್ನು ಅರಿಯುವ ಮಕ್ಕಳು! ಆಮೇಲೆ ಅವರು ಗೆರೆಗಳನ್ನು ಇನ್ನೊಮ್ಮೆ ನೋಡಿದರು. ಎದೆಬಡಿತ ನಿಧಾನವಾಗಿತ್ತು, ಬೆವರಿಲ್ಲ, ಉಸಿರು ಆಳ. ಅದು ಎಚ್ಚರಿಕೆಯ ಗೆರೆಯಲ್ಲ. ತಾಯಿಯ ತೊಡೆಯ ಮೇಲೆ ಮಲಗಿ ನಿದ್ದೆಗೆ ಜಾರುವ ಕೂಸಿನ ಗೆರೆ. ಅಂಜಿಕೆ ಕಳೆಯಲು ಹೋಗಿ ಅವರು ಆ ಜಾಗದಲ್ಲಿ ಹೊಳೆಯ ಮೇಲಿನ ಪ್ರೀತಿ ಇಟ್ಟುಬಿಟ್ಟಿದ್ದರು.

ಮರುದಿನವೇ ಅವರು ಚಿಕಿತ್ಸೆ ನಿಲ್ಲಿಸಿ, ತಂದೆತಾಯಿಗಳನ್ನು ಕರೆದು ಇದ್ದದ್ದನ್ನು ಇದ್ದಂತೆ ಹೇಳಿದರು. ಹೊಳೆಯ ಕಡೆ ಮಕ್ಕಳನ್ನು ಬಿಡಬೇಡಿರೆಂದರು. ಭವನದಲ್ಲಿ ಗದ್ದಲವೆದ್ದಿತು.

"ಏನೂ ನಿಲ್ಲಿಸಬ್ಯಾಡ್ರಿ" ಎಂದು ಮೆಹಬೂಬಿ ಎದ್ದು ನಿಂತಳು. "ನನ್ನ ಮಗ ನಗಾಕತ್ಯಾನ. ಉಣ್ಣಾಕತ್ಯಾನ. ಅವನ ಅಕ್ಕಗೋಳ ಹೆಸರು ತಗದ್ರ ಮೊದಲ ನೆಲಕ್ಕ ಬಿದ್ದು ಹೊಳ್ಳಾಡತಿದ್ದ. ನಿಮ್ಮ ಕಾಲು ಹಿಡೀತೀನಿ, ಹಿಂಗ ಇರಲಿ."

ಇನಾಮದಾರ್ ಒಪ್ಪಲಿಲ್ಲ. ನೀಲಾಂಬಿಕಾ ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ದಾನೂ, ಅಪ್ಪನ ನೆನಪು ಐತೇನವಾ?"

"ಐತಿ."

"ಏನು ನೆನಪೈತಿ?"

"ಅಪ್ಪ ಅಜ್ಜಿನ್ನ ಹೊತ್ಕೊಂಡು ಬಂದ. ಗ್ವಾಡಿ ಬಿತ್ತು. ನೀರಾಗ ಹೋದ." ಹುಡುಗಿ ಶಾಲೆಯ ಪಾಠ ಒಪ್ಪಿಸುವಂತೆ ಹೇಳಿ, ಆಮೇಲೆ ಸೇರಿಸಿದಳು. "ಸಪ್ಪಳ ಭಾಳ ಚಲೋ ಇತ್ತು."

ನೀಲಾಂಬಿಕಾ ಮುಖ ತಿರುಗಿಸಿದಳು. ಮುರಿಗೆಪ್ಪ ಸತ್ತದ್ದಕ್ಕೆ ಇಡೀ ಭೂಮಿಯ ಮೇಲೆ ಜೊತೆಗೆ ಅಳಬೇಕಾದವಳು ಇವಳೊಬ್ಬಳೇ. ಇವಳೇ ಹೀಗಾದರೆ ಅವನು ಇನ್ನೊಮ್ಮೆ ಮುಳುಗಿದಂತೆಯೇ ಸೈ ಅನ್ನಿಸಿತು.

ಆಷಾಢದ ಒಂದು ಮಧ್ಯಾಹ್ನ. ಪ್ಲಾಟಿನ ಮೇಲೆ ಬಿಸಿಲಿತ್ತು. ಶಾಲೆಯಲ್ಲಿ ಅಕ್ಕೋರು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಹಿಂದೆ ಬೆಂಚುಗಳು ಕಿರ್ರೆಂದವು. ತಿರುಗಿ ನೋಡಿದರೆ ಮಕ್ಕಳು ಎದ್ದು ನಿಂತಿದ್ದರು. ಗಲಾಟೆಯಿಲ್ಲ, ನೂಕಾಟವಿಲ್ಲ. ಚೀಲಗಳನ್ನು ಅಲ್ಲಲ್ಲೇ ಬಿಟ್ಟು ಸಾಲಾಗಿ ಹೊರಗೆ ನಡೆದರು.

"ಎಲ್ಲಿಗ್ರೋ? ಕುಂದರ್ರಿ!" ಎಂದು ಅಕ್ಕೋರು ಅಡ್ಡ ನಿಂತರು. ಮಕ್ಕಳು ಅವರನ್ನು ತಳ್ಳಲಿಲ್ಲ. ಕಂಬವನ್ನು ಬಳಸಿ ಹೋಗುವಂತೆ ಬಳಸಿಕೊಂಡು ಹೋದರು. ಎಲ್ಲರ ತುಟಿಯೂ ಮುಚ್ಚಿತ್ತು. ಎಲ್ಲರ ಗಂಟಲಿನಿಂದಲೂ ಆ ಗುನುಗು ಹೊರಡುತ್ತಿತ್ತು.

ಭವನದ ಮೇಲಂತಸ್ತಿನಲ್ಲಿ ನಲವತ್ತು ಗೆರೆಗಳೂ ಒಂದಾಗಿ ಮೇಲೇರಿದ್ದವು. ಇನಾಮದಾರ್ ಕಿಟಕಿಗೆ ಓಡಿದರು. ದಿಬ್ಬದ ಇಳಿಜಾರಿನಲ್ಲಿ, ಹಳೆಯ ತೊರೆನಾಳದ ದಾರಿಯಲ್ಲಿ ಬಿಳಿ ಅಂಗಿಯ ಮಕ್ಕಳ ಸಾಲು ಇಳಿಯುತ್ತಿತ್ತು. ಅದರಾಚೆ ಹೊಳೆ ಇನ್ನೂ ಶಾಂತವಾಗಿತ್ತು. ಆದರೆ ಮೇಲಿನಿಂದ ಏನು ಬರುತ್ತಿದೆಯೆಂದು ಆ ಗೆರೆಗಳು ಹೇಳುತ್ತಿದ್ದವು.

"ಡಬ್ಬಿ ಟೆಂಪೋಕ್ಕ ಹೇರ್ರಿ" ಎಂದು ಅವರು ಕೂಗಿದರು. "ಪೂರ್ತಿ ದನಿ ಹಚ್ಚಿ ದಿಬ್ಬದ ಮ್ಯಾಲೆ ತಗೊಂಡು ಹೋಗೋಣ. ಅವರು ಸಪ್ಪಳದ ಹಿಂದ ಬರ್ತಾರ. ಹೊಳಿಗಿಂತ ನಾವು ಜೋರ್ ಇರಬೇಕು, ಅಷ್ಟ!"

ಹೊಲಿಗೆ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ನೀಲಾಂಬಿಕಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಅವಳು ಇಳಿಜಾರನ್ನು ಅರ್ಧ ಇಳಿದಿದ್ದಾಗ ಹಿಂದೆ, ದಿಬ್ಬದ ಮೇಲೆ, ಟೆಂಪೋದ ಡಬ್ಬಿಗಳು ಮೊರೆದವು. ಕಲ್ಲುಗಳು ಸಣ್ಣಗೆ ನಡುಗಿದವು. ಮಕ್ಕಳ ಸಾಲು ನಿಂತಿತು. ಒಬ್ಬೊಬ್ಬರೇ ತಲೆ ತಿರುಗಿಸಿದರು. ಆಮೇಲೆ ಅದೇ ನಿಧಾನದಲ್ಲಿ ಟೆಂಪೋದ ಕಡೆ ಹತ್ತತೊಡಗಿದರು. ಅಲ್ತಾಫ್ ನೀಲಾಂಬಿಕಾಳ ಮೈಗೆ ತಾಗಿಕೊಂಡೇ ಹೋದ. ಅವನ ಮುಖದಲ್ಲಿ ಹಾಲು ಕುಡಿದ ಕೂಸಿನ ತೃಪ್ತಿಯಿತ್ತು. ಅವನು ಅವಳನ್ನು ಗುರುತಿಸಲಿಲ್ಲ.

ದಾನೇಶ್ವರಿ ಆ ಸಾಲಿನಲ್ಲಿರಲಿಲ್ಲ. ಎಲ್ಲರಿಗಿಂತ ಮುಂದೆ ಹೋದವಳು ಡಬ್ಬಿಗಳ ಸದ್ದು ಮುಟ್ಟುವ ಮೊದಲೇ ಹಳೆಯ ಊರು ಸೇರಿದ್ದಳು.

ಪ್ರವಾಹದ ನಂತರ ನೀಲಾಂಬಿಕಾ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಬಿದ್ದ ಗೋಡೆಗಳ ನಡುವೆ ಜಾಲಿ ಬೆಳೆದಿತ್ತು. ಓಣಿಗಳಲ್ಲಿ ಆಗಲೇ ನೀರು ಹರಿದಾಡುತ್ತಿತ್ತು. ತಣ್ಣನೆಯ ಕೆಂಪು ನೀರು ಪಾದಕ್ಕೆ ತಾಗಿದೊಡನೆ ಅವಳ ಕಾಲು ಕಲ್ಲಾದವು. ಅವಳಿಗೆ ಯಾರೂ ಟೊಪ್ಪಿಗೆ ಹಾಕಿರಲಿಲ್ಲ. ತಿರುಗಿ ಓಡೆಂದು ಮೈಯ ಒಂದೊಂದು ಕೂದಲೂ ಹೇಳುತ್ತಿತ್ತು. ಅವಳು ಅಳುತ್ತಲೇ ಮುಂದೆ ನಡೆದಳು.

ಶಾಲೆಯ ಗೇಟು ಇದ್ದ ಜಾಗದಲ್ಲಿ, ಸೊಂಟಮಟ್ಟದ ನೀರಿನಲ್ಲಿ, ಹುಡುಗಿ ಎರಡೂ ಕೈ ಚಾಚಿಕೊಂಡು ನಿಂತಿದ್ದಳು.

"ದಾನೂ! ಬಾ ಇಲ್ಲಿ!"

"ಬ್ಯಾಡ ಅವ್ವಾ, ಇನ್ನೂ ಬರೋದೈತಿ." ಅವಳ ದನಿಯಲ್ಲಿ ಸಂಭ್ರಮವಿತ್ತು. "ಅಪ್ಪ ಹೋದಾಗ ಬಂದಿತ್ತಲ್ಲ, ಅದ. ದೊಡ್ಡದು. ಅಲ್ಲಿ ತಿರುವಿನ್ಯಾಗ ಐತಿ ನೋಡು."

ನೀಲಾಂಬಿಕಾ ಅವಳ ರಟ್ಟೆ ಹಿಡಿದು ಎಳೆದಳು. ಹಿಂದಿನ ದಾರಿಯ ಮೇಲೆ ಆಗಲೇ ನೀರು ಸುಳಿ ತಿರುಗುತ್ತಿತ್ತು. ಉಳಿದದ್ದು ಶಾಲೆಯ ಮೆಟ್ಟಿಲು ಒಂದೇ. ಮಗಳನ್ನು ಎತ್ತಿಕೊಂಡು, ಜಾರುತ್ತ, ಮೊಣಕಾಲು ತರಚಿಸಿಕೊಳ್ಳುತ್ತ ಅವಳು ಅದೇ ಮಾಳಿಗೆಗೆ ಹತ್ತಿದಳು. ಅವರು ಮೇಲೆ ಮುಟ್ಟಿದ ಸ್ವಲ್ಪ ಹೊತ್ತಿಗೇ ತಿರುವಿನಿಂದ ಹೊಳೆ ಬಂತು. ಗಿಡ, ಬಣವೆ, ಒಂದು ಇಡೀ ತಗಡಿನ ಮಾಡು ಅದರ ಮೇಲೆ ತೇಲುತ್ತಿದ್ದವು.

ದಾನೇಶ್ವರಿ ಅಂಚಿನ ಕಡೆ ನಡೆದಳು. ನೀಲಾಂಬಿಕಾ ಅವಳನ್ನು ಹಿಡಿದುಕೊಂಡಳು. ಹುಡುಗಿ ಸಿಟ್ಟಾಗಲಿಲ್ಲ, ಅಳಲಿಲ್ಲ. ಕೈ ಸಡಿಲಾದಾಗೆಲ್ಲ ಎದ್ದು ಅಂಚಿಗೆ ಹೋಗುತ್ತಿದ್ದಳು. ಕೊನೆಗೆ ನೀಲಾಂಬಿಕಾ ಸೆರಗು ಹರಿದು, ಮಗಳ ಸೊಂಟವನ್ನೂ ತನ್ನ ಸೊಂಟವನ್ನೂ ಸೇರಿಸಿ ಬಿಗಿದು ಗಂಟು ಹಾಕಿದಳು. ಹಾಗೆಯೇ ಇಬ್ಬರೂ ಮಾಳಿಗೆಯ ನಡುವೆ ಕುಳಿತರು. ಕೆಳಗೆ ಹೊಳೆ ಮೊರೆಯುತ್ತಿತ್ತು. ಅದೇ ಶ್ರುತಿಯಲ್ಲಿ, ತಾಯಿಯ ಎದೆಗೊರಗಿ, ಮಗಳು ಗುನುಗುತ್ತಿದ್ದಳು. ಆ ದನಿ ನೀಲಾಂಬಿಕಾಳ ಎಲುಬಿನೊಳಗೆ ಇಳಿಯುತ್ತಿತ್ತು. ತಾನು ತೊಡೆಯ ಮೇಲೆ ಕೂರಿಸಿಕೊಂಡಿರುವುದು ಮಗಳನ್ನೋ, ಹೊಳೆಯದೇ ಒಂದು ತುಂಡನ್ನೋ ಎಂದು ಅವಳಿಗೆ ತಿಳಿಯದಾಯಿತು. ಹೊತ್ತು ಮುಳುಗುವ ಮುಂಚೆ ಅಗ್ನಿಶಾಮಕ ದಳದ ದೋಣಿ ಬಂತು. ಗಂಟು ಬಿಚ್ಚಲು ಬರಲಿಲ್ಲ. ಚಾಕುವಿನಿಂದ ಕತ್ತರಿಸಿದರು.

ನೀರು ಇಳಿದ ಮೇಲೆ ನೀಲಾಂಬಿಕಾ ಮಗಳ ಕೈ ಹಿಡಿದು ಇನಾಮದಾರರ ಬಳಿ ಹೋದಳು. ಅವರು ಕೆಲವೇ ದಿನಗಳಲ್ಲಿ ಮುದುಕರಾಗಿದ್ದರು.

"ಹೊಳ್ಳಿ ಮೊದಲಿನಂಗ ಮಾಡಾಕ ಬರ್ತೈತೇನ್ರಿ?"

"ಬರ್ತದ" ಎಂದರು ಅವರು. "ಅಂಜಿಕಿನ ನಾವು ಅಳಿಸಿಲ್ಲ, ಮುಚ್ಚೇವಿ. ಟೊಪಿಗಿ ಇಲ್ಲದಂಗ ಅದೇ ಸಪ್ಪಳ ಕೇಳಿಸಿ, ಆ ದಿನದ ಮಾತು ಆಡಿಸಿದ್ರ ಮುಚ್ಚಿದ್ದು ತೆರೀತದ. ಆದ್ರ ವಿಚಾರ ಮಾಡ್ರಿ. ಮೊದಲಿನಂಗ ಕಿರುಚ್ಯಾಳು. ಮೊದಲಿಗಿಂತ ಹೆಚ್ಚೂ ಆಗಬಹುದು. ಯಾವ ತಾಯಿಗೂ ಇದನ್ನ ಮಾಡ್ರಿ ಅಂತ ಹೇಳೋ ಧೈರ್ಯ ನನಗಿಲ್ಲ."

"ಅಂಜಿಕಿ ಬಂದ್ರ ನನ್ನ ಕಡೆ ಓಡಿ ಬರ್ತಾಳ್ರಿ" ಎಂದಳು ನೀಲಾಂಬಿಕಾ. "ಈಗ ಎಲ್ಲಿಗೆ ಹೊಕ್ಕಾಳೋ ಗೊತ್ತಿಲ್ಲ."

ಚಿಕಿತ್ಸೆಯ ಕೋಣೆಯಲ್ಲಿ ಅವಳು ಚಾಪೆಯ ಮೇಲೆ ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡು ಕುಳಿತಳು. ಡಬ್ಬಿಗಳು ಮೊರೆದವು. ದಾನೇಶ್ವರಿ ಕಣ್ಣು ಮುಚ್ಚಿ ಮುಗುಳ್ನಕ್ಕಳು. ನೀಲಾಂಬಿಕಾ ಮಗಳ ಕಿವಿಯಲ್ಲಿ ಹೇಳತೊಡಗಿದಳು. ಅಪ್ಪ ನಸುಕಿನಲ್ಲಿ ಮಗ್ಗದ ಮುಂದೆ ಕೂತು ಹೇಗೆ ಸೀಟಿ ಹಾಕುತ್ತಿದ್ದ. ಮಗಳ ಗೊಂಬೆಗೆ ಖಣದ ಚೂರಿನಿಂದ ಹೇಗೆ ಕುಬಸ ಹೊಲಿದ. ಆ ದಿನ ನೀರಿನಲ್ಲಿ ಬರುವಾಗ ಅವನ ಕಣ್ಣು ಮಾಳಿಗೆಯ ಮೇಲಿದ್ದ ಮಗಳನ್ನು ಬಿಟ್ಟು ಬೇರೆಲ್ಲೂ ಇರಲಿಲ್ಲ. ಗೋಡೆ ಬಿದ್ದಾಗ ಅವನು ಏನೋ ಕೂಗಿದ, ಅದು ಕೇಳಿಸಲಿಲ್ಲ. ಹೇಳುತ್ತ ಹೇಳುತ್ತ ಅವಳೇ ಬಿಕ್ಕಿ ಬಿಕ್ಕಿ ಅತ್ತಳು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಮತ್ತೊಂದು ದಿನ, ಗೋಡೆ ಬಿದ್ದ ಮಾತು ಬಂದಾಗ, ಹುಡುಗಿಯ ಗುನುಗು ನಿಂತಿತು. ಅವಳ ಬೆರಳುಗಳು ತಾಯಿಯ ತೋಳನ್ನು ಹುಡುಕಿದವು. ಉಗುರುಗಳು ಮಾಂಸಕ್ಕೆ ನೆಟ್ಟವು. ಕಣ್ಣು ತೆರೆದುಕೊಂಡವು. ಎಲ್ಲಿಯೋ ದೂರದ ಊರಿಂದ ನಡೆದು ಬಂದವಳಂತೆ ಅವಳು ತಾಯಿಯನ್ನು ನೋಡಿ, "ಅವ್ವಾ, ಅಪ್ಪ ಹೋದ" ಎಂದಳು. ಆಮೇಲೆ ಕಿರುಚಿದಳು.

ಅವರು ಹೊರಗೆ ಬಂದಾಗ ಕಟ್ಟೆಯ ಮೇಲೆ ಮೆಹಬೂಬಿ ಕುಳಿತಿದ್ದಳು. ಅಲ್ತಾಫ್ ಓಡಿ ಬಂದು ದಾನೇಶ್ವರಿಯ ಒದ್ದೆ ಮುಖ ನೋಡಿದ. ಬೆರಳಿನಿಂದ ಅವಳ ಕೆನ್ನೆ ಮುಟ್ಟಿ, ಆ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದು ಯಾಕ ಬರಾಕತ್ತೈತಿ?" ಎಂದು ಕೇಳಿದ. ಅಣಕವಿರಲಿಲ್ಲ. ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ.

ಮೆಹಬೂಬಿ ಎದ್ದು ಬಂದು ಮಗನನ್ನು ಅಪ್ಪಿಕೊಂಡಳು. ಅವನು ಅವಳ ತೋಳುಗಳ ನಡುವೆ ನೆಟ್ಟಗೆ, ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಅವನ ಮುಖ ಹೊಳೆಯ ಕಡೆ ತಿರುಗಿತ್ತು.

ಮಕ್ಕಳ ಅಂಜಿಕೆಯನ್ನು ತಿರುಗಿ ತರಲು ಪ್ಲಾಟಿನಲ್ಲಿ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಪ್ಪದವರ ಮನೆಗಳಲ್ಲಿ ಹೊಳೆಯ ಕಡೆಯ ಕಿಟಕಿಗಳಿಗೆ ಹಲಗೆ ಹೊಡೆದರು. ಮೋಡ ಕವಿದ ದಿನ ಹೊರಗಿನಿಂದ ಚಿಲಕ ಹಾಕಿದರು. ಅಂಥ ಮನೆಗಳ ಮುಂದೆ ಹಾದುಹೋದರೆ ಒಳಗಿನಿಂದ ಆ ತಗ್ಗು ದನಿ ಕೇಳುತ್ತಿತ್ತು. ಜನ ಮಾತು ನಿಲ್ಲಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

ದಾನೇಶ್ವರಿಯ ದಿನಗಳು ಸುಲಭವಾಗಿರಲಿಲ್ಲ. ಬೆಚ್ಚಿದಳು, ಹಾಸಿಗೆ ಒದ್ದೆ ಮಾಡಿಕೊಂಡಳು, ಅನ್ನ ಬಿಟ್ಟಳು. ಒಮ್ಮೆ ಗುಡುಗಿದಾಗ ತಾಯಿಯ ಮಡಿಲಲ್ಲಿ ತಲೆ ಹುದುಗಿಸಿ, "ನಿನಗೂ ಅಂಜಿಕಿ ಆಕ್ಕೈತೇನು?" ಎಂದು ಕೇಳಿದಳು. "ಭಾಳ ಆಕ್ಕೈತಿ" ಎಂದಳು ನೀಲಾಂಬಿಕಾ. ಅದನ್ನು ಕೇಳಿ ಹುಡುಗಿಗೆ ಸ್ವಲ್ಪ ಸಮಾಧಾನವಾಯಿತು.

ಶ್ರಾವಣ ಹತ್ತಿರ ಬಂದಾಗ, ಯಾರೂ ಕರೆಯದಿದ್ದರೂ, ಮೆಹಬೂಬಿ ಅಲ್ತಾಫನ ಕೈ ಹಿಡಿದು ಆ ಕೋಣೆಯೊಳಗೆ ಹೋದಳು. ಹೊರಗೆ ಕಟ್ಟೆಯ ಮೇಲೆ ನೀಲಾಂಬಿಕಾ ಮತ್ತು ಓಣಿಯ ಹೆಂಗಸರು ಕುಳಿತರು. ಹೆರಿಗೆಯ ಮನೆಯ ಮುಂದೆ ಕೂತಂತೆ ಬಾಗಿಲನ್ನೇ ನೋಡುತ್ತಿದ್ದರು. ಒಳಗಿನಿಂದ ಮೆಹಬೂಬಿಯ ದನಿ ಕೇಳುತ್ತಿತ್ತು, ಹೆಣ್ಣುಮಕ್ಕಳಿಬ್ಬರ ಹೆಸರು ಕೇಳುತ್ತಿತ್ತು. ಅಲ್ತಾಫನದು ಕೇಳಲಿಲ್ಲ. ಸಂಜೆಗೆ ಅವನು ಹೊರಗೆ ಬಂದು ನೀರು ಕೇಳಿ ಕುಡಿದು, ಆಡಲು ಹೋದ. ಮೆಹಬೂಬಿ ಬಾಗಿಲಿಗೊರಗಿ ನಿಂತಳು. ಮರುದಿನವೂ ಬಂದಳು. ಅದರ ಮರುದಿನವೂ. ಹೆಂಗಸರು ದಿನವೂ ಕಟ್ಟೆಯ ಮೇಲೆ ಕೂತರು.

ಒಂದು ಮಧ್ಯಾಹ್ನ, ಎಲ್ಲರೂ ಇವತ್ತೂ ಇಲ್ಲವೆಂದು ಏಳುತ್ತಿದ್ದಾಗ, ಬಾಗಿಲಿನಾಚೆಯಿಂದ ಒಂದು ಕೂಗು ಬಂತು. ಒಡೆದ, ಒರಟಾದ, ಕಿವಿ ಸೀಳುವಂಥ ಕೂಗು. "ಅಮ್ಮೀ!"

ದಾನೇಶ್ವರಿ ಬೆದರಿ ತಾಯಿಯ ಸೊಂಟ ತಬ್ಬಿಕೊಂಡಳು. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಗೊಳೋ ಎಂದು ಅತ್ತರು.